ಬಾಣಬಿರುಸಿಗೆ ಬೇಕಾದ ಕತ್ತಲೆ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ವೈಶಾಖ, ಹುಣ್ಣಿಮೆ ಕಳೆದ ಐದನೆಯ ದಿನ, ಸಂಜೆ ಏಳೂವರೆ. ಬಂಡೂರಿನ ನಿಂಗೇಗೌಡನ ಮಗಳ ಮದುವೆ. ಚಪ್ಪರದ ಮುಂದಿನ ಕಣ. ಹಾಜರಿದ್ದವರು ಕಣ್ಣಿಗೆ ಪೊರೆ ಬಂದಿದ್ದ ನನ್ನ ಅಕ್ಕ ಕೆಂಪಮ್ಮ, ಅವಳ ಕೈ ಹಿಡಿದಿದ್ದ ನಾನು, ಮತ್ತು ಇಡೀ ಊರು.

ಬಾಣಬಿರುಸು ನೋಡುವುದಕ್ಕೂ ಒಂದು ಶಿಸ್ತು ಬೇಕೆಂದು ನಂಬಿದವನು ನಾನು. ಬೇಗ ಹೋಗಬೇಕು. ಗಾಳಿಗೆ ಬೆನ್ನು ಕೊಟ್ಟು ಕೂರಬೇಕು. ಇಲ್ಲದಿದ್ದರೆ ನೋಟ ಬೇರೆಯವರಿಗೆ, ಹೊಗೆ ನಮಗೆ. ಎರಡು ಬಾಣಗಳ ನಡುವೆ ಬಿಡುವೂ ಇರಬೇಕು. ಒಂದನ್ನು ಹೊಗಳಿ ಮುಗಿಸುವುದರೊಳಗೆ ಇನ್ನೊಂದು ಹಾರಿದರೆ ಪಾಯಸದ ಮೇಲೇ ಸಾರು ಬಡಿಸಿದ ಹಾಗೆ. ಇಷ್ಟೆಲ್ಲ ಯೋಚಿಸುವ ನನಗೆ ಕತ್ತಲೆಯ ನೆನಪಾಗಿರಲಿಲ್ಲ.

ನಮ್ಮ ಕಡೆ ಮದುವೆಯ ಅಂತಸ್ತನ್ನು ಗ್ಯಾಸ್‌ಲೈಟಿನಿಂದ ಅಳೆಯುತ್ತಾರೆ. ಗೌಡ ಮದ್ದೂರಿನಿಂದ ತರಿಸಿದ್ದ ದೀಪಗಳು ಕಣದ ಸುತ್ತ ಸುಂಯ್ ಎನ್ನುತ್ತ ಹಗಲು ಮಾಡಿದ್ದವು. ಮೊದಲ ಬಾಣ ಹಾರಿತು. ಎಲ್ಲರೂ ತಲೆಯೆತ್ತಿದರು. ಪೊರೆಗೆ ಆ ದೀಪದ ಬೆಳಕು ಹೊಡೆದು ಅಕ್ಕನಿಗೆ ಕಂಡದ್ದು ಬರೀ ಬಿಳಿ ಮಂಜು. ಯುದ್ಧಕಾಲದಲ್ಲಿ ಮದ್ದು ಸಿಗದೆ ಬಾಣಬಿರುಸು ನಿಂತೇ ಹೋಗಿತ್ತು. ಪೊರೆ ಬಲಿಯುವ ಮೊದಲು ಇನ್ನೊಮ್ಮೆ ನೋಡಬೇಕೆಂದೇ ಅವಳು ಮಳವಳ್ಳಿಯಿಂದ ನನ್ನ ಜೊತೆ ಗಾಡಿಯಲ್ಲಿ ಬಂದಿದ್ದಳು. ಇದ್ದ ಬಾಣಗಳೋ ಬೆರಳೆಣಿಕೆಯಷ್ಟು.

"ಲೇ ನಿಂಗ, ಆ ದೀಪ ಆರ್ಸ್ಲಾ," ಎಂದಳು ಗೌಡನಿಗೆ.

ಮದುವೆಮನೆಯಲ್ಲಿ ಉರಿಯುವ ದೀಪ ಆರಿಸುವುದುಂಟೆ? ಗೌಡ ಬೆಚ್ಚಿದ. ಅಪಶಕುನವೆಂದು ಹೆಂಗಸರು ಗೊಣಗಿದರು. ಅಷ್ಟರಲ್ಲಿ ಇನ್ನೊಂದು ಬಾಣವೂ ಹಾರಿಹೋಯಿತು.

"ಆರಿಸ್ಬ್ಯಾಡ ಬುಡು. ಅಡ್ಗೆಮನೆಗೆ ಒತ್ಕೊಂಡೋಗು. ನಿನ್ ಸಾರ್ನಾಗೆ ಏನೈತೆ ಅಂತ ಅಲ್ಲಿರೋರ್ಗಾದ್ರೂ ಕಾಣ್ಲಿ," ಎಂದಳು ಅಕ್ಕ.

ಗೌಡನೂ ನಕ್ಕ. ದೀಪಗಳು ಮೆರವಣಿಗೆಯಲ್ಲಿ ಒಳಗೆ ಹೋದವು. ಕತ್ತಲೆ ಇಳಿದೊಡನೆ ಗದ್ದಲವೂ ಇಳಿಯಿತು. ಆಮೇಲೆ ಹಾರಿದ ಬಾಣವೇ ಬಾಣ. ಕೆಂಪು ಗೆರೆಯೊಂದು ಏರಿ, ಒಂದು ಗಳಿಗೆ ಏನೂ ಇಲ್ಲದಂತಾಗಿ, ಕಣದಲ್ಲಿ ಭತ್ತ ತೂರಿದ ಹಾಗೆ ಆಕಾಶದಿಂದ ಬೆಳಕು ಉದುರಿತು. ನಡುವಿನ ಆ ಗಳಿಗೆಯಲ್ಲಿ ಊರಿಗೆ ಊರೇ ಉಸಿರು ಹಿಡಿದಿತ್ತು. ಅಕ್ಕ ನನ್ನ ಕೈ ಹಿಚುಕಿದಳು.

"ಚಿನ್ನದ್ ಬಣ್ಣ ಅಲ್ವೇನ್ಲಾ?"

ಹೌದು, ಚಿನ್ನದ ಬಣ್ಣವೇ.

ಊಟ ಮುಗಿಸಿ, ಅದೇ ಬೀದಿಯ ನೆಂಟರ ಮನೆಯಲ್ಲಿ ಹಾಸಿಗೆ ಹಾಸಿದೆ. ಅಕ್ಕನಿಗೆ ಕತ್ತಲೆಯೆಂದರೆ ಅಂಜಿಕೆ. ದಿನವೂ ಅವಳ ತಲೆದಿಂಬಿನ ಬಳಿ ಲಾಟೀನು ಇಡುವುದು ನನ್ನ ಕ್ರಮ. ಅಂದೂ ಇಟ್ಟೆ.

"ಅದ್ನ ಆರ್ಸ್ಲಾ," ಎಂದಳು ಕಣ್ಣು ಮುಚ್ಚಿಕೊಂಡೇ. "ಇನ್ನೂ ಉದುರ್ತಾ ಐತೆ."

ಇದು ಮದುವೆಮನೆಯಲ್ಲವಲ್ಲ. ಲಾಟೀನು ಆರಿಸಿದೆ. ಅಂದಿನ ಕೊನೆಯ ಕೆಲಸ ಅದು.