ಅಮ್ಮ ಸಗಣಿ ಮೆತ್ತಿದ ಕಣಜ

ಬೂದಿಗೆರೆ ಹತ್ತಿರದ ಆ ಅಪಾರ್ಟ್‌ಮೆಂಟಿನ ಮುಂದೆ ಬಸ್ಸು ಹಾದುಹೋಗುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ನಾನು ಬಿದಿರು, ಈಚಲುಗರಿ, ಹುಲ್ಲು ಹೆಣೆದು ಶಿಲ್ಪ ಮಾಡುವವಳು. ಆ ಅಪಾರ್ಟ್‌ಮೆಂಟ್ ಕಟ್ಟಿದವರು ತಮ್ಮ ಹೊಸ ಹಜಾರಕ್ಕೆ ಹಳ್ಳಿಯ ನೆನಪು ತರುವಂಥದ್ದೇನಾದರೂ ಮಾಡಿಕೊಡಿ ಎಂದಾಗ, ನಮ್ಮ ಮನೆಯಲ್ಲಿ ಹಿಂದೆ ಇದ್ದ ಆಳೆತ್ತರದ ರಾಗಿ ಕಣಜ ಕಣ್ಣಮುಂದೆ ಬಂತು. ಪ್ರತಿ ಸುಗ್ಗಿಗೆ ಮುಂಚೆ ಅಮ್ಮ ಅದಕ್ಕೆ ಸಗಣಿ ಮೆತ್ತುತ್ತಿದ್ದಳು. ಎಷ್ಟು ರಾಗಿ ತೆಗೆದರೂ ತಳದಲ್ಲಿ ಒಂದಿಷ್ಟು ಬಿಡುತ್ತಿದ್ದಳು. ಕಣಜ ಪೂರ್ತಿ ಬರಿದಾಗಲು ನಮ್ಮ ಮನೆಯಲ್ಲಿ ಯಾರೂ ಬಿಟ್ಟಿದ್ದಿಲ್ಲ.

ಬಿದಿರು ಸೀಳಿ ಅದೇ ಆಕಾರ ಹೆಣೆದೆ. ಒಳಗೊಂದು ದೀಪವಿಟ್ಟರೆ ಬೆಳಕು ಹೊರಗೆ ಬೀಳಲೆಂದು ಬೇಕೆಂದೇ ಸಂದು ಬಿಟ್ಟಿದ್ದೆ. ಸಾಗಿಸಲು ಟೆಂಪೋ ಗೊತ್ತುಮಾಡಲು ನೆಲಮಂಗಲಕ್ಕೆ ಹೋಗಿ ಬರುವಷ್ಟರಲ್ಲಿ, ಅಮ್ಮ ಅರ್ಧ ಕಣಜಕ್ಕೆ ಸಗಣಿ ಮೆತ್ತಿ ಮುಗಿಸಿದ್ದಳು.

"ಮೆತ್ತದೇ ಕಳಿಸ್ತಾರೇನೇ? ರಾಗಿ ಎಲ್ಲಾ ಸೋರೋಗಲ್ವಾ?" ಎಂದಳು. ತಳಕ್ಕೆ ಒಂದು ಹಿಡಿ ರಾಗಿಯನ್ನೂ ಹಾಕಿಬಿಟ್ಟಿದ್ದಳು.

ಸಿಟ್ಟು ನೆತ್ತಿಗೇರಿತು. ಆದರೆ ಹತ್ತಿರ ಹೋಗಿ ನೋಡಿದರೆ, ಸಗಣಿಯ ಮೇಲೆ ಅವಳ ಬೆರಳುಗಳು ಎಳೆದ ಕಮಾನುಗಳು ಸಾಲಾಗಿ ಮೂಡಿದ್ದವು. ಚಿಕ್ಕವಳಿದ್ದಾಗ ಆ ಗೆರೆಗಳ ಮೇಲೆ ಬೆರಳಾಡಿಸುತ್ತ ನಿಲ್ಲುತ್ತಿದ್ದೆ. ಅಷ್ಟು ದಿನ ಹೆಣೆದರೂ ನನ್ನ ಕೈಗೆ ಸಿಗದೆ ಹೋದದ್ದು ಅದೇ. ದೀಪದ ಯೋಚನೆ ಬಿಟ್ಟು ಹಾಗೆಯೇ ಟೆಂಪೋಗೆ ಏರಿಸಿದೆ. ಅಮ್ಮನೂ ಒಳ್ಳೆಯ ಸೀರೆ ಉಟ್ಟು ಜೊತೆಗೆ ಬಂದಳು.

ಹಜಾರದ ಗೋಡೆಗೆ ಆಗಲೇ 'ಮಣ್ಣಿನ ನೆನಪು' ಎಂಬ ಹಿತ್ತಾಳೆಯ ಫಲಕ ಬಡಿದಿದ್ದರು. ಅಲ್ಲಿನ ಮ್ಯಾನೇಜರ್ ಮೂಗು ಮುಚ್ಚಿಕೊಂಡ. "ನ್ಯಾಚುರಲ್ ಆಗಿರ್ಲಿ ಅಂತಾನೇ ನಿಮಗೆ ಹೇಳಿದ್ದು ಮೇಡಂ. ಈ ಗಲೀಜು ಬೇಡ, ತೊಳೆಸಿಬಿಡೋಣ," ಎಂದವನೇ ತೋಟದ ಪೈಪು ತರಲು ಆಳನ್ನು ಕೂಗಿದ.

ಅಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಸರಿಸಿಕೊಂಡಳು. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಕಟ್ಟಡ ಎಬ್ಬಿಸಿದವರಿಗೆ ಹಳ್ಳಿಯ ನೆನಪು ಬೇಕು, ಹಳ್ಳಿಯವಳ ಕೈಯ ಸಗಣಿ ಮಾತ್ರ ಗಲೀಜು. "ತೊಳೆಯೋದಾದ್ರೆ ನಿಮ್ಮ ಬೋರ್ಡ್ ತೊಳ್ಕೊಳ್ಳಿ," ಎಂದು ಕಣಜವನ್ನು ವಾಪಸ್ಸು ಟೆಂಪೋಗೆ ಹಾಕಿಸಿದೆ.

ಮನೆಗೆ ಬಂದವಳೇ ಅಮ್ಮ ಸೀರೆ ಬದಲಿಸಿ, ಸಗಣಿ ಕಲೆಸಿ, ಉಳಿದರ್ಧವನ್ನೂ ಮೆತ್ತಿದಳು. ಆ ಸುಗ್ಗಿಯ ರಾಗಿ ಅದರೊಳಗೇ ಹೋಯಿತು.

ಮೊನ್ನೆ ಅದರ ಫೋಟೋ ಎಲ್ಲೋ ನೋಡಿ ಅದೇ ಮ್ಯಾನೇಜರ್ ಫೋನ್ ಮಾಡಿದ. ಸಗಣಿ ಇದ್ದರೂ ಪರವಾಗಿಲ್ಲ, ನಮಗೇ ಕೊಡಿ ಎಂದ. ಏನು ಹೇಳಲೆಂದು ಅಮ್ಮನನ್ನು ಕೇಳಿದೆ.

"ಖಾಲಿ ಆದ್ಮೇಲೆ ಬಂದು ತಗೊಂಡೋಗ್ಲಿ ಅನ್ನು," ಎಂದಳು.

ಹಾಗೆಯೇ ಹೇಳಿದೆ. "ಆಯ್ತು ಮೇಡಂ, ಕಾಯ್ತೀವಿ," ಎಂದ.