ಕಳ್ಳಿಗೆ ಹುಯ್ದ ನೀರು

ಮಗಳ ಬಾಣಂತನ ಮುಗಿಸಿ ಮರಳವಾಡಿಗೆ ಬಂದ ಶಿವಲಿಂಗಮ್ಮ ಸೀದಾ ತಾರಸಿ ಹತ್ತಿದಳು. ಅವಳ ಕಳ್ಳಿಗಿಡಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಪೂರ್ತಿ ಕೊಳೆತಿದ್ದವು. ಹನ್ನೊಂದು ವರ್ಷ ಸಾಕಿದ ಮೊಳದುದ್ದದ ಕಂಬಗಳ್ಳಿ ಮಾತ್ರ ಬುಡವಷ್ಟೇ ಮೆತ್ತಗಾಗಿ ಒರಗಿತ್ತು. ಕಾಫಿ ಲೋಟ ಹಿಡಿದು ಅದರ ಪಕ್ಕ ಕೂರುವುದೇ ಅವಳ ದಿನದ ಸುಖ.

"ದಿನಾ ಒಂದೊಂದು ಚೊಂಬು ಹುಯ್ದಿವ್ನಿ ಕಣಮ್ಮಿ," ಎಂದ ಗಂಡ ಬೋರಲಿಂಗಯ್ಯ.

"ಇದೇನು ನಿಮ್ಮ ಹಿಪ್ಪುನೇರಳೆ ತ್ವಾಟವಾ? ತಿಂಗ್ಳಿಗೆ ಎಲ್ಡು ಸಲ ಅಂದಿದ್ನಲ್ಲಾ!"

ಕೊಳೆ ಏರದ ಭಾಗ ಸಿಕ್ಕಿ, ಅದು ಒಣ ಮರಳಲ್ಲಿ ಬೇರು ಬಿಟ್ಟರೆ ಗಿಡ ಬದುಕುತ್ತದೆ. ಅವಳು ಬುಡದಿಂದ ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತ ಹೋದಳು. ಪ್ರತಿ ಬಿಲ್ಲೆಯ ನಡುವೆಯೂ ಕೊಳೆಯ ಕಂದು ಚುಕ್ಕೆ. ಬೋರಲಿಂಗಯ್ಯ ಪ್ರತಿ ಸಲವೂ ಚಾಕು ಒರೆಸಿಕೊಟ್ಟ. ಕೊನೆಗೆ ಉಳಿದ ಬೆರಳುದ್ದದ ತುದಿಯಲ್ಲೂ ಸಾಸಿವೆಯಷ್ಟು ಕಂದು ಚುಕ್ಕೆ ಇತ್ತು.

"ಬುಟ್ಬುಡಮ್ಮಿ, ಹೊಸದು ತರಾನ."

ಅವಳು ಆ ತುದಿಯನ್ನೇ ಒಣ ಮರಳಿನ ಮೇಲಿಟ್ಟಳು. "ಇದ್ರ ತಾವಕ್ಕೆ ಮಾತ್ರ ಬರ್‌ಬ್ಯಾಡಿ," ಎಂದಳು, ಅಳುತ್ತಲೇ.