ಹತ್ತು ನಿಮಿಷ ಮುಂದೆ ಓಡುತ್ತಿದ್ದ ಸರ್ವರ್

ಪುಣೆ ಹತ್ತಿರದ ತಳೇಗಾಂವದ ಆ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕಂಪ್ಯೂಟರ್ ಅಂದರೆ ನಾನು, ನಾನು ಅಂದರೆ ಕಂಪ್ಯೂಟರ್. ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಕ್ಲೌಡ್ ಎಂಬ ಹೊಸ ಮಾತಿಗೆ ಮರುಳಾಗಿ, ಹೊರದೇಶದ ಸರ್ವರೊಂದನ್ನು ಬಾಡಿಗೆಗೆ ಹಿಡಿದು, ಕೆಲಸಗಾರರ ಹಾಜರಿಯನ್ನೂ ಅದಕ್ಕೇ ಒಪ್ಪಿಸಿದ್ದೆ. ಅದರ ಗಡಿಯಾರ ಐದೂವರೆ ಗಂಟೆ ಹಿಂದಿತ್ತು. ನನ್ನ ಕೈಗಡಿಯಾರ ನೋಡಿ ತಿದ್ದಿಬಿಟ್ಟೆ. ಎರಡೇ ನಿಮಿಷದ ಕೆಲಸ, ಜಂಬ ಮಾತ್ರ ವಾರಗಟ್ಟಲೆ ಇತ್ತು.

ಪುಣೆಯಿಂದ ಲೋಕಲ್ ರೈಲಿನಲ್ಲಿ ನನ್ನ ಜತೆ ಬರುತ್ತಿದ್ದವರು ತಪಾಸಣೆ ವಿಭಾಗದ ಅಕ್ಕ, ಕಲಬುರ್ಗಿ ಕಡೆಯವರು. ಉಳಿದವರೆಲ್ಲ ಕಂಪನಿ ಬಸ್ಸಿನಲ್ಲಿ ಮೊದಲೇ ಬಂದಿರುತ್ತಿದ್ದರು. ಸ್ಟೇಷನ್ನಿನಿಂದ ನಮಗಿಬ್ಬರಿಗೂ ಒಂದೇ ರಿಕ್ಷಾ. ಗೇಟಿನ ಹಾಜರಿ ಯಂತ್ರಕ್ಕೆ ಅವರು ಕಾರ್ಡ್ ತೋರಿಸಬೇಕು; ನಾನು ಆಫೀಸರು, ಬೇಕಿಲ್ಲ. ದಿನಾ ಅವರ ಹೆಸರಿನ ಮುಂದೆ ‘ಲೇಟ್’ ಬೀಳುತ್ತಿತ್ತು. ಅವರು ಕಾಯಂ ಆಗಬೇಕಿದ್ದ ವರ್ಷ ಬೇರೆ. ಮುಂದಿನ ತಿಂಗಳೂ ಹೀಗೇ ಆದರೆ ಕೆಲಸವೇ ಇಲ್ಲ ಎಂದು ಮ್ಯಾನೇಜರ್ ಎಚ್ಚರಿಸಿದ್ದರು.

“ಅಕ್ಕಾರ, ಸ್ವಲ್ಪ ಲಗೂ ಏಳ್ರಿ. ಮಷೀನು ಸುಳ್ಳು ಹೇಳೂದಿಲ್ಲರಿ,” ಎಂದು ನಾನೂ ಉಪದೇಶ ಮಾಡಿದೆ.

“ಮೊದಲಿನ ಲೋಕಲ್ ಹಿಡೀಬೇಕಂದ್ರ ಹುಡುಗರಿಗೆ ಡಬ್ಬಿ ಯಾರು ಕಟ್ಟಬೇಕ್ರಿ?” ಎಂದರು.

ಅಷ್ಟರಲ್ಲಿ ಪಕ್ಕದ ಚಾಕಣದ ಗಿರಾಕಿಯೊಬ್ಬರು, ಅದೇ ಸರ್ವರಿನಿಂದ ಇ-ಮೇಲಿನಲ್ಲಿ ಹೋಗುತ್ತಿದ್ದ ನಮ್ಮ ಸರಕಿನ ಚಲನ್‌ಗಳನ್ನು ವಾಪಸ್ ಕಳಿಸತೊಡಗಿದರು. ಅವುಗಳಲ್ಲಿ ಇನ್ನೂ ಆಗದ ಹೊತ್ತು ನಮೂದಾಗಿತ್ತಂತೆ. ಸರಿ, ಇಂಟರ್ನೆಟ್ಟಿನಲ್ಲಿ ನಿಖರ ಸಮಯ ಕೊಡುವ ಸರ್ವರ್‌ಗಳಿಗೆ ನಮ್ಮದನ್ನು ಜೋಡಿಸಲು ಕೂತೆ. ಸೆಟ್ಟಿಂಗ್ ಫೈಲಿನಲ್ಲಿ ಅಂಥ ನಾಲ್ಕು ಸರ್ವರ್‌ಗಳ ವಿಳಾಸ ಬರೆದು ಎಂಟರ್ ಒತ್ತಿದೆ. ವ್ಯತ್ಯಾಸ ಪರದೆಯ ಮೇಲೆ ಮೂಡಿತು: ನಮ್ಮದು ಹತ್ತು ನಿಮಿಷ ಮುಂದೆ.

ಕೈಗಡಿಯಾರ ನೋಡಿಕೊಂಡೆ. ಲೋಕಲ್ ತಪ್ಪಬಾರದೆಂದು ನನ್ನ ಕೈಗಡಿಯಾರವನ್ನು ನಾನೇ ಹತ್ತು ನಿಮಿಷ ಮುಂದಿಟ್ಟುಕೊಂಡಿದ್ದೆ! ಸಂಜೆ ಅದೇ ಲೆಕ್ಕದಲ್ಲಿ ಹತ್ತು ನಿಮಿಷ ಬೇಗ ಬಿಡುಗಡೆ ಸಿಗುತ್ತಿದ್ದರಿಂದ ಉಳಿದವರು ಯಾರೂ ಚಕಾರ ಎತ್ತಿರಲಿಲ್ಲ.

ಮ್ಯಾನೇಜರ್ ಮುಂದೆ ಹೋಗಿ ತಪ್ಪೊಪ್ಪಿಕೊಂಡೆ. ಮರಾಠಿಯಲ್ಲಿ ಒಳ್ಳೇ ಮಂಗಳಾರತಿಯಾಯಿತು. ಅಕ್ಕನ ಲೇಟುಗಳೆಲ್ಲ ರದ್ದಾದವು, ಅವರು ಕಾಯಂ ಕೂಡ ಆದರು. ರಿಕ್ಷಾದಲ್ಲಿ ಕ್ಷಮೆ ಕೇಳಿದೆ.

“ಗಡಿಯಾರ ತಪ್ಪತಾವ್ರಿ, ಇರಲಿ,” ಎಂದರು ಅಕ್ಕ. “ಆದ್ರ ನೀವು ದಿನಾ ನನ್ನ ಬಾಜೂಕ ಕುಂತ ಬರ್ತಿದ್ರಿ. ನಾ ವ್ಯಾಳ್ಯಾಕ್ಕ ಬರ್ತೀನಿ ಅಂತ ಒಂದ ದಿನಾನೂ ನಿಮಗ ಅನಸಲಿಲ್ಲೇನ್ರಿ?”

ಬಯ್ದಿದ್ದರೆ ಚೆನ್ನಾಗಿತ್ತು.